ಕಂಪ್ಯೂಟರ್: ಸಿದ್ಧ ಡಬ್ಬ ತರೋದಾ, ಬಿಡಿ ಸಾಮಾನು ತಂದು ಜೋಡಿಸೋದಾ?

ಅಕ್ಕಾರೇ, ತಂಗೇರೇ, ಈ ಸಲ ಉಪ್ಪಿನಕಾಯಿ ವಿಷ್ಯನೂ ಅಲ್ಲ, ಹೋಳಿಗೆ ವಿಷ್ಯನೂ ಅಲ್ಲ. ಕಂಪ್ಯೂಟರ್ ವಿಷ್ಯ. ನಗಬ್ಯಾಡ್ರಿ. ಪಿಯುಸಿ ಓದಿ ಮದ್ವಿಯಾಗಿ ಬಂದಾಕಿ ಕಂಪ್ಯೂಟರ್ ಬಗ್ಗೆ ಏನು ಬರೀತಾಳೆ ಅಂತ ನಮ್ಮನೆಯವರೂ ನಕ್ಕರು. ಮನೆಗೆ ಬರೋ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷಿನ್ ಎಲ್ಲಾ ನಾವೇ ಹತ್ತು ಅಂಗಡಿ ಸುತ್ತಿ, ನಾಲ್ಕು ಮಂದೀನ ಕೇಳಿ ತರ್ತೀವಿ. ಕಂಪ್ಯೂಟರ್ ಅಂದ ಕೂಡ್ಲೇ ಮಾತ್ರ "ಅದು ನಿಮಗೆ ತಿಳಿಯಂಗಿಲ್ಲ" ಅಂತ ಗಂಡಸರು ಶೋರೂಮಿಗೆ ಹೋಗಿ ಒಂದು ಡಬ್ಬ ಹೊತ್ಕೊಂಡು ಬರ್ತಾರೆ. ದುಡ್ಡು ನೋಡಿದ್ರೆ ನಮ್ಮ ಸಂಘದ ಸಾಲ, ನಮ್ಮ ಚೀಟಿ ದುಡ್ಡು. ದುಡ್ಡು ನಮ್ಮದಾದ ಮ್ಯಾಲೆ ಮಾತೂ ನಮ್ಮದಿರಬೇಕು ಅಂತ ನನ್ನ ವಾದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮನೆಯಾಗೆ ಕೈ ಹಾಕಿ ಕಲಿಯೋ ಆಸೆ ಇರೋ ಒಂದು ಮಗು ಇದ್ರೆ, ಬಿಡಿ ಸಾಮಾನು ತಂದು ಜೋಡಿಸೋದೇ ಒಳ್ಳೇದು. ಅಂಥ ಮಗು ಇಲ್ಲ ಅಂದ್ರೆ ಕಂಪನಿಯ ಸಿದ್ಧ ಡಬ್ಬ ತರ್ರಿ, ಅದರಾಗೆ ಏನೂ ತಪ್ಪಿಲ್ಲ. "ಜೋಡಿಸಿದ್ರೆ ಅರ್ಧ ರೇಟಿಗೆ ಆಗ್ತೈತೆ" ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ನಂಬಬ್ಯಾಡ್ರಿ. ಈಗಿನ ರೇಟಿನಾಗೆ ಅದು ಸುಳ್ಳು. ಲೆಕ್ಕ ಮುಂದೆ ಕೊಡ್ತೀನಿ.

ಈ ವಿಷ್ಯ ಎದ್ದಿದ್ದು ಹರಿಹರದಾಗಿರೋ ನನ್ನ ತಂಗಿ ಮನೆಯಾಗೆ. ಅವಳ ಮಗಳು ದಾವಣಗೆರೆ ಕಾಲೇಜಿನಾಗೆ ಬಿ.ಸಿ.ಎ. ಎರಡನೇ ವರ್ಷ. ದಿನಾ ಹದಿನಾಲ್ಕು ಕಿಲೋಮೀಟರ್ ಬಸ್ಸಿನಾಗೆ ಬರ್ತಾಳೆ, ಬಸ್ಸಿನಾಗೆ ಹೋಗ್ತಾಳೆ. ಹಾಸ್ಟೆಲ್ ಹುಡುಗೇರು ಕ್ಲಾಸ್ ಬಿಟ್ಟ ಮ್ಯಾಲೂ ಲ್ಯಾಬಿನಾಗೆ ಕೂತು ಪ್ರೋಗ್ರಾಂ ಬರೀತಾರೆ. ಇವಳು ಸಂಜೆ ಬಸ್ ತಪ್ಪಿಸಿದ್ರೆ ಮನೆಯಾಗೆ ಫೋನ್ ಮ್ಯಾಲೆ ಫೋನು, ಹಂಗಾಗಿ ಗಂಟೆ ನೋಡ್ಕೊಂಡೇ ಓಡಿ ಬರ್ಬೇಕು. ಮನೆಗೆ ಬಂದು ಮೊಬೈಲಿನಾಗೆ ಬೆರಳಿನಿಂದ ಜಾವಾ ಪ್ರೋಗ್ರಾಂ ಬರೆಯೋದು ನೋಡಿದ್ರೆ ಸೂಜಿಯಾಗೆ ಬಾವಿ ತೋಡಿದಂಗೆ ಕಾಣ್ತಿತ್ತು. ಮನೆಯಾಗೆ ಅಣ್ಣನಿಗೆ ಬೈಕ್ ಬಂದು ಎರಡು ವರ್ಷ ಆಯ್ತು, ಅದಕ್ಕೆ ಯಾರೂ ಸಭೆ ಸೇರಿಸಿರ್ಲಿಲ್ಲ. ಈ ಹುಡುಗಿ ಕಂಪ್ಯೂಟರ್ ಕೇಳಿದಾಗ ಮಾತ್ರ "ಮೊಬೈಲಿನಾಗೆ ಎಲ್ಲಾ ಆಗ್ತೈತಲ್ಲ" ಅಂದ್ರು. ಕೊನೆಗೆ ನನ್ನ ತಂಗಿ ಹೊಲಿಗೆ ಮಷಿನ್ ಮ್ಯಾಲೆ ಕೂತು ಗಳಿಸಿದ್ದಕ್ಕೆ ಸಂಘದ ಸಾಲ ಸೇರಿಸಿ ನಲವತ್ತೈದು ಸಾವಿರ ತೆಗೆದಿಟ್ಲು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಅಂದ್ಲು.

ಈಗ ತಂಗಿ ಗಂಡ ಹೇಳಿದ್ದು: ದೊಡ್ಡ ಕಂಪನಿ ಹೆಸರಿರೋದು ತರೋಣ, ಕಂತಿನಾಗೆ ಕೊಟ್ರಾಯ್ತು. ಹುಡುಗಿ ಹೇಳಿದ್ದು: ನಾನೇ ಸಾಮಾನು ಆರಿಸ್ತೀನಿ, ನಾನೇ ಜೋಡಿಸ್ತೀನಿ. ಅವರಪ್ಪ "ಹೆಣ್ಮಗು ಸ್ಕ್ರೂ ಡ್ರೈವರ್ ಹಿಡ್ಕೊಂಡು ನಲವತ್ತೈದು ಸಾವಿರ ಸುಟ್ಟು ಬೂದಿ ಮಾಡ್ತಾಳೆ" ಅಂದ್ರು. ನನಗೆ ಅಲ್ಲೇ ಸಿಟ್ಟು ಬಂತು. ನಮ್ಮಪ್ಪ ಹರಿಹರದ ಕಿರ್ಲೋಸ್ಕರ್‌ನಾಗೆ ಲೇತ್ ಮಷಿನ್ ವಿಭಾಗದಾಗಿದ್ರು. 1941ರಾಗೆ ಶುರುವಾದ ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಆದ್ರೂ ಹರಿಹರದಾಗೆ ಇವತ್ತಿಗೂ ಎಷ್ಟೋ ಮನೆಯಾಗೆ ಸ್ಪ್ಯಾನರ್ ಸೆಟ್ ಇರ್ತೈತೆ. ಬಿಚ್ಚಿ ಜೋಡಿಸಕ್ಕೆ ಬರ್ದೇ ಇರೋ ಮಷಿನ್ ಮನೆಗೆ ತರಬ್ಯಾಡ ಅಂತ ನಮ್ಮಪ್ಪ ಹೇಳ್ತಿದ್ರು. ಆ ಊರಿನ ಹುಡುಗಿಗೆ ಸ್ಕ್ರೂ ಬರಂಗಿಲ್ಲ ಅಂದ್ರೆ ಹೆಂಗೆ?

ಹಂಗಂತ ನಾನು ಬರೀ ಸಿಟ್ಟಿನ ಮ್ಯಾಲೆ ಹುಡುಗಿ ಕಡೆ ನಿಲ್ಲಲಿಲ್ಲ. ಎರಡು ವಾರ ದಾವಣಗೆರೆಯಾಗೆ ಮೂರು ನಾಲ್ಕು ಅಂಗಡಿ ತಿರುಗಿದ್ವಿ, ನಾನು, ತಂಗಿ, ಹುಡುಗಿ. ಬೆಣ್ಣೆ ದೋಸೆ ಖರ್ಚು ಬೇರೆ.

ಕಂಪ್ಯೂಟರ್ ಅಂದ್ರೆ ಒಳಗೆ ಏನೈತೆ ಅಂತ ಮೊದಲು ನಮ್ಮ ಭಾಷೆಯಾಗೆ ಹೇಳ್ತೀನಿ. ಪ್ರೊಸೆಸರ್ ಅಂದ್ರೆ ಅಡಿಗಿ ಮಾಡೋ ಕೈ. ರ‍್ಯಾಮ್ ಅಂದ್ರೆ ಅಡಿಗಿ ಕಟ್ಟೆ, ದೊಡ್ಡದಿದ್ದಷ್ಟೂ ಒಟ್ಟಿಗೆ ನಾಲ್ಕು ಕೆಲಸ ಹರಡ್ಕೋಬಹುದು, ಕರೆಂಟ್ ಹೋದ್ರೆ ಕಟ್ಟೆ ಮ್ಯಾಲಿದ್ದದ್ದೆಲ್ಲಾ ಸಾಫು. ಎಸ್ಎಸ್‌ಡಿ ಅಂದ್ರೆ ಸಾಮಾನಿನ ಕೋಣೆ, ಅಲ್ಲಿಟ್ಟಿದ್ದು ಉಳೀತೈತೆ. ಮದರ್‌ಬೋರ್ಡ್ ಅಂದ್ರೆ ಇವೆಲ್ಲಾ ಕೂರೋ ಮನೆ. ಎಸ್ಎಂಪಿಎಸ್ ಅಂತ ಒಂದು ತಗಡಿನ ಡಬ್ಬಿ ಇರ್ತೈತೆ, ಗೋಡೆಯ ಕರೆಂಟನ್ನ ಒಳಗಿನ ಸಾಮಾನಿಗೆ ಬೇಕಾದಷ್ಟು ಸಣ್ಣ ಮಾಡಿ ಹಂಚೋದು ಅದೇ. ಇಷ್ಟನ್ನೂ ಕ್ಯಾಬಿನೆಟ್ ಅನ್ನೋ ಪೆಟ್ಟಿಗೆಯಾಗೆ ಕೂರಿಸಿ, ಹೊರಗೆ ಮಾನಿಟರ್, ಕೀಬೋರ್ಡ್, ಮೌಸ್ ಕೊಟ್ರೆ ಮುಗೀತು.

ಅಂಗಡಿಗಳಾಗೆ ನಾವು ಕಂಡ ಮೊದಲನೇ ಮಾತು, ರೇಟು ಏರೈತೆ ಅನ್ನೋದು. 2025ರ ಕೊನೆಯಿಂದ ರ‍್ಯಾಮ್ ರೇಟು ಬೆಂಕಿ. ಎಐ ಅಂತಾರಲ್ಲ, ಅದಕ್ಕೋಸ್ಕರ ದೊಡ್ಡ ದೊಡ್ಡ ಕಂಪನಿಗಳು ಪರದೇಶದಾಗೆ ಡೇಟಾ ಸೆಂಟರ್ ಕಟ್ತಾ ಅದಾವೆ. ಮೆಮೊರಿ ಚಿಪ್ ಮಾಡೋ ಕಾರ್ಖಾನೆಗಳು ಜಗತ್ತಿನಾಗೆ ಇರೋದೇ ಬೆರಳೆಣಿಕೆ. ಅವು ಹೆಚ್ಚು ದುಡ್ಡು ಕೊಡೋ ಆ ಕಡೆ ಮಾಲು ತಿರುಗಿಸಿದ್ವು. ಮೈಕ್ರಾನ್ ಅನ್ನೋ ಕಂಪನಿಯಂತೂ ಮನೆಬಳಕೆದಾರರಿಗೆ ಮಾರ್ತಿದ್ದ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸ್ತೀವಿ ಅಂತ 2025ರ ಡಿಸೆಂಬರ್‌ನಾಗೆ ಹೇಳಿಬಿಡ್ತು. ಹೋದ ವರ್ಷ ಬೇಸಿಗೆಯಾಗೆ ಎರಡು ಸಾವಿರದೊಳಗೆ ಸಿಗ್ತಿದ್ದ 8 ಜಿಬಿ ರ‍್ಯಾಮಿಗೆ ಸಂಕ್ರಾಂತಿ ಮುಗಿದ ವಾರ ನಮಗೆ 5,400 ಹೇಳಿದ್ರು. ಉಳ್ಳಾಗಡ್ಡಿ ರೇಟ್ ಏರಿದ್ರೆ ಟೀವಿಯಾಗೆ ಬರ್ತೈತೆ, ಇದು ಬರಲ್ಲ, ಆದ್ರೆ ಕಥೆ ಒಂದೇ. ಮಾಲು ಕಡಿಮೆ, ಕೊಳ್ಳೋರು ದೊಡ್ಡೋರು, ನಾವು ಕ್ಯೂನಾಗೆ ಕೊನೆಗೆ.

ಅದಕ್ಕೇ ಜೋಡಿಸಿದ್ರೆ ಅಗ್ಗ ಅನ್ನೋ ಹಳೇ ಮಾತು ಈಗ ಪೂರ್ತಿ ನಡೆಯಂಗಿಲ್ಲ. ಹುಡುಗಿ ನೋಟ್‌ಬುಕ್ಕಿನಾಗೆ ಬರೆದ ಪಟ್ಟಿ ಹಿಂಗಿತ್ತು. ಎಎಂಡಿ ರೈಜೆನ್ 5 5600ಜಿ ಪ್ರೊಸೆಸರ್ 12,000. ಮದರ್‌ಬೋರ್ಡ್ 5,200. ರ‍್ಯಾಮ್ 5,400. 500 ಜಿಬಿ ಎಸ್ಎಸ್‌ಡಿ 5,000. ಎಸ್ಎಂಪಿಎಸ್ 2,600. ಕ್ಯಾಬಿನೆಟ್ 1,900. ಕೀಬೋರ್ಡು ಮೌಸು ಸೇರಿ 850. 22 ಇಂಚಿನ ಮಾನಿಟರ್ 6,800. ಯುಪಿಎಸ್ 2,900. ಎಲ್ಲಾ ಕೂಡಿಸಿದ್ರೆ 42,650. ಜಿಎಸ್‌ಟಿ 18 ಪರ್ಸೆಂಟ್ ಸೇರಿಸಿದ ರೇಟು ಇದು.

ಶೋರೂಮಿನ ಸಿದ್ಧ ಡಬ್ಬ 47,990. ಅದರಾಗೆ ನಾಲ್ಕು ಕೋರಿನ ಐ-ತ್ರೀ ಪ್ರೊಸೆಸರ್, ಅಷ್ಟೇ ರ‍್ಯಾಮ್, ಅಷ್ಟೇ ಎಸ್ಎಸ್‌ಡಿ, ಮಾನಿಟರ್ ಸೇರಿ. ಯುಪಿಎಸ್ ಬೇರೆ ತಗೋಬೇಕು. ಐದು ಸಾವಿರ ಉಳೀತು ಅಂತ ಹುಡುಗಿ ಕುಣಿದ್ಲು. ನಾನು ತಡಿ ಅಂದೆ. ಕಂಪನಿ ಡಬ್ಬದಾಗೆ ವಿಂಡೋಸ್ ಸೇರಿರ್ತೈತೆ. ಜೋಡಿಸಿದ್ದಕ್ಕೆ ನಾವೇ ತಗೋಬೇಕು, ಸರಿಯಾದ ಲೈಸೆನ್ಸ್ ಅಂದ್ರೆ ಹತ್ತು ಸಾವಿರದ ಆಸುಪಾಸು. ಅಂಗಡಿ ಹುಡುಗ "ಅದೇನ್ ಬಿಡ್ರಿ ಆಂಟಿ, ನಾವು ಹಾಕ್ಕೊಡ್ತೀವಿ, ಎಲ್ಲರೂ ಅದೇ ಹಾಕ್ಸೋದು" ಅಂದ. ಕಳ್ಳ ವಿಂಡೋಸ್ ಅದು. ಹಿಂಬಾಗಿಲ ಚಿಲಕ ಮುರಿದಿರೋ ಮನೆ ಬಾಡಿಗೆಗೆ ತಗೊಂಡಂಗೆ. ಒಳಗೆ ಯಾರು ಬಂದ್ರು, ಬ್ಯಾಂಕ್ ಪಾಸ್‌ವರ್ಡ್ ಯಾರು ಓದಿದ್ರು, ಗೊತ್ತಾಗಂಗಿಲ್ಲ. ವಿಂಡೋಸ್ ಬೇಕೇ ಬೇಕು ಅನ್ನೋ ಮನೆಗೆ ಸಿದ್ಧ ಡಬ್ಬಾನೇ ಅಗ್ಗ ಬೀಳ್ತೈತೆ, ಇದು ನೆನಪಿಟ್ಕೊಳ್ರಿ.

ನಮ್ಮ ಹುಡುಗಿಗೆ ವಿಂಡೋಸ್ ಬೇಕಾಗಿರ್ಲಿಲ್ಲ. ಅವಳ ಪಾಠದಾಗಿರೋ ಸಿ, ಜಾವಾ, ಪೈಥಾನ್, ಡೇಟಾಬೇಸ್ ಎಲ್ಲಾ ಉಬುಂಟುನಾಗೆ ನಡೀತಾವೆ. ಉಬುಂಟು ಪುಕ್ಕಟೆ, ಕಳ್ಳತನ ಅಲ್ಲ, ಕೊಡೋರೇ ಪುಕ್ಕಟೆ ಕೊಡ್ತಾರೆ. ಲಿಬ್ರೆ ಆಫೀಸ್ ಅಂತ ಐತೆ, ನನ್ನ ತಂಗಿ ಬ್ಲೌಸಿನ ಲೆಕ್ಕ ಈಗ ಅದರಾಗೇ ಬರೀತಾಳೆ. ಕನ್ನಡ ಟೈಪಿಂಗ್ ಹೆಂಗೆ ಅಂತ ನನಗೆ ಚಿಂತಿ ಇತ್ತು, ಯಾಕಂದ್ರೆ ನನ್ನ ಕೈಗೆ ನುಡಿ ಕೀಲಿಮಣೆ ಕೂತೈತೆ. ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯಾಗೇ ಬಂದ ಆ ಕಗಪ ಕೀಲಿಮಣೆ ಉಬುಂಟುವಿನ ಕೀಬೋರ್ಡ್ ಪಟ್ಟಿಯಾಗೇ ಐತೆ, ಆರಿಸ್ಕೊಂಡ್ರೆ ಆಯ್ತು. ಬಿ.ಕಾಂ. ಮಕ್ಕಳಿಗೆ ಮಾತ್ರ ಈ ದಾರಿ ಹೇಳಂಗಿಲ್ಲ. ಟ್ಯಾಲಿ ಕಲಿಯೋರಿಗೆ ವಿಂಡೋಸ್ ಬೇಕು. ಟ್ಯಾಲಿಯಾಗೆ ಕಲಿಯೋರಿಗೆ ಅಂತ ಪುಕ್ಕಟೆ ಎಜುಕೇಷನ್ ಮೋಡ್ ಐತೆ, ಅದರಾಗೆ ತಿಂಗಳಿನ 1, 2, 31ನೇ ತಾರೀಖಿಗೆ ಮಾತ್ರ ಲೆಕ್ಕ ಬರೆಯಕ್ಕೆ ಬರ್ತೈತೆ. ಕಲಿಯಕ್ಕೆ ಅಷ್ಟು ಸಾಕು. ಅದಕ್ಕೂ ಕಳ್ಳ ಸಿ.ಡಿ. ಹುಡುಕಬ್ಯಾಡ್ರಿ.

ರೇಟಿನಾಗೆ ಹೆಚ್ಚು ಕಡಿಮೆ ಇಲ್ಲ ಅಂದ ಮ್ಯಾಲೆ ಜೋಡಿಸೋದು ಯಾಕೆ? ಖಾರದಪುಡಿ ಮನೆಯಾಗೆ ಯಾಕೆ ಮಾಡಿಸ್ತೀವಿ ಹೇಳ್ರಿ. ಪ್ಯಾಕೆಟ್ಟಿನದ್ದೂ ಸಿಗ್ತೈತೆ, ಅದೇನು ವಿಷ ಅಲ್ಲ. ಆದ್ರೂ ಬ್ಯಾಡಗಿ ಮೆಣಸಿನಕಾಯಿ ನಾವೇ ನೋಡಿ ತಂದು, ತೊಟ್ಟು ಬಿಡಿಸಿ, ಒಣಗಿಸಿ, ಗಿರಣಿಯಾಗೆ ಮುಂದೆ ನಿಂತು ಬೀಸಿಸ್ತೀವಿ. ಒಳಗೆ ಏನು ಬಿತ್ತು ಅಂತ ನಮಗೆ ಗೊತ್ತಿರಬೇಕು ಅಷ್ಟೇ. ಶೋರೂಮಿನಾಗೆ ನಾನು "ಒಳಗಿನ ಎಸ್ಎಂಪಿಎಸ್ ಯಾವ ಕಂಪನಿದು?" ಅಂತ ಕೇಳಿದ್ರೆ ಆ ಹುಡುಗ ಪಾಪ ಡಬ್ಬದ ಮ್ಯಾಲೆ ಹುಡುಕಿದ, ಎಲ್ಲೂ ಬರೆದಿರ್ಲಿಲ್ಲ. ಸಿದ್ಧ ಡಬ್ಬದ ಕೆಲವು ಮಾಡೆಲ್‌ನಾಗೆ ಎಸ್ಎಂಪಿಎಸ್ಸು, ಮದರ್‌ಬೋರ್ಡು ಕಂಪನಿಯ ತನ್ನದೇ ಅಳತೆದು ಇರ್ತಾವೆ. ನಾಲ್ಕು ವರ್ಷ ಆದ ಮ್ಯಾಲೆ ಅದು ಹೋದ್ರೆ ಪೇಟೆಯಾಗಿರೋ ಸಾಮಾನ್ಯ ಎಸ್ಎಂಪಿಎಸ್ ಅದಕ್ಕೆ ಕೂರಂಗಿಲ್ಲ. ಎರಡೂವರೆ ಸಾವಿರದಾಗೆ ಮುಗಿಯೋ ರಿಪೇರಿಗೆ ಇಡೀ ಡಬ್ಬ ಮೂಲೆಗೆ. ಮಾನಿಟರ್ ಒಳಗೇ ಎಲ್ಲಾ ಇರೋ ಆಲ್ ಇನ್ ಒನ್ ಅಂತೂ ನೋಡಕ್ಕೆ ಚಂದ, ಪರದೆ ಹೋದ್ರೆ ಕಂಪ್ಯೂಟರೂ ಹೋಯ್ತು. ನನಗೆ ಅದು ಬೇಡವೇ ಬೇಡ. ನಮ್ಮ ಮಿಕ್ಸಿ ಜಾರ್ ಸೋರಿದ್ರೆ ವಾಷರ್ ಬದಲಾಯಿಸ್ತೀವಲ್ಲ, ಮಿಕ್ಸಿ ಎಸೀತೀವಾ?

ಜೋಡಿಸಿದ್ದರಾಗೆ ಒಂದೊಂದು ಸಾಮಾನಿಗೆ ಒಂದೊಂದು ವಾರಂಟಿ. ಪ್ರೊಸೆಸರ್‌ಗೆ ಮೂರು ವರ್ಷ, ಮದರ್‌ಬೋರ್ಡಿಗೂ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೇ ಎಸ್ಎಸ್‌ಡಿಗೆ ಮೂರರಿಂದ ಐದು. ಸಿದ್ಧ ಡಬ್ಬಕ್ಕೆ ಹೆಚ್ಚಾಗಿ ಒಂದೇ ವರ್ಷ. ಆದ್ರೆ ಆ ಒಂದು ವರ್ಷದಾಗೆ ಇಂಜಿನಿಯರ್ ಮನೆಗೇ ಬರ್ತಾನೆ, ಏನು ಕೆಟ್ಟೈತೆ ಅಂತ ಹುಡುಕೋದು ಅವನ ತಲೆಬೇನೆ. ಜೋಡಿಸಿದ್ದು ಕೆಟ್ರೆ ಹುಡುಕೋದು ನಮ್ಮ ತಲೆಬೇನೆ, ಆ ಸಾಮಾನು ಬಿಚ್ಚಿ ಅಂಗಡಿಗೆ ಒಯ್ದು, ಅವರು ಬೆಂಗಳೂರಿಗೆ ಕಳಿಸಿ, ವಾರ ಎರಡು ವಾರ ಕಾಯೋದೂ ನಮ್ಮ ಪಾಲಿಗೆ. ಇದು ಸಣ್ಣ ಮಾತಲ್ಲ. ಅದಕ್ಕೇ ಅಂಗಡಿ ಇಟ್ಟೋರಿಗೆ, ದಿನಾ ಬಿಲ್ ಹೊಡೆಯೋರಿಗೆ, ಮಕ್ಕಳು ದೂರ ಇರೋ ವಯಸ್ಸಾದೋರಿಗೆ ನಾನು ಕಂಪನಿ ಡಬ್ಬಾನೇ ಹೇಳೋದು. ತಗೊಳ್ಳೋ ಮುಂಚೆ ಒಂದೇ ಪ್ರಶ್ನೆ ಕೇಳ್ರಿ: ಮನೆಗೆ ಬಂದು ರಿಪೇರಿ ಮಾಡೋದು ನಮ್ಮ ಪಿನ್‌ಕೋಡಿಗೆ ಐತಾ? ದಾವಣಗೆರೆಗೆ ಐತೆ ಅಂದ್ರೆ ಹರಿಹರಕ್ಕೂ ಐತೆ ಅಂತ ತಿಳ್ಕೋಬ್ಯಾಡ್ರಿ. 577601 ಅಂತ ಅವರ ಮುಂದೇನೇ ಹಾಕಿಸಿ ನೋಡ್ರಿ.

ಕಂತಿನ ವಿಷ್ಯ ಒಂದೇ ಮಾತು. "ಬಡ್ಡಿ ಇಲ್ಲದ ಕಂತು" ಅಂದ್ರೂ ಪ್ರೊಸೆಸಿಂಗ್ ಫೀ ಅಂತ ಒಂದು, ಬ್ಯಾಂಕು ಬಡ್ಡಿ ಮ್ಯಾಲೆ ಹಾಕೋ ಜಿಎಸ್‌ಟಿ ಅಂತ ಒಂದು ಹಿಂದಿನಿಂದ ಬರ್ತಾವೆ. ರೊಕ್ಕ ಕೊಟ್ರೆ ಎಷ್ಟು ಬಿಡ್ತೀರಿ ಅಂತ ಕೇಳ್ರಿ. ತಂಗಿ ಗಂಡನ ಬಾಯಿ ಕಟ್ಟಿದ್ದು ಈ ಲೆಕ್ಕಾನೇ.

ಈಗ ಅಂಗಡಿ ತಿರುಗುವಾಗ ನಮಗೆ ಸಿಕ್ಕ ಒಂದು ಬಲೆ ಹೇಳ್ಲೇಬೇಕು. ಒಂದು ಅಂಗಡಿಯಾಗೆ ಬರೆದುಕೊಟ್ಟ ಪಟ್ಟಿ ಎಲ್ಲಕ್ಕಿಂತ ಎರಡು ಸಾವಿರ ಕಡಿಮೆ ಇತ್ತು. ತಂಗಿಗೆ ಖುಷಿಯೋ ಖುಷಿ. ಹುಡುಗಿ ಪಟ್ಟಿ ನೋಡಿ, "ದೊಡ್ಡವ್ವಾ, ಈ ಇಂಟೆಲ್ ಪ್ರೊಸೆಸರ್ ನಂಬರಿನ ಕೊನೆಗೆ ಎಫ್ ಐತೆ ನೋಡು" ಅಂದ್ಲು. ಎಫ್ ಇದ್ರೆ ಆ ಪ್ರೊಸೆಸರ್ ಒಳಗೆ ಚಿತ್ರ ಮೂಡಿಸೋ ಭಾಗ ಇರಲ್ಲ. ಮಾನಿಟರಿಗೆ ಏನೂ ಬರಬೇಕಂದ್ರೂ ಬೇರೆ ಗ್ರಾಫಿಕ್ ಕಾರ್ಡ್ ತಗೋಬೇಕು, ಅದಕ್ಕೆ ಮತ್ತೆ ಸಾವಿರಾರು ರೂಪಾಯಿ. ಒಲೆ ಅಗ್ಗಕ್ಕೆ ಕೊಟ್ಟು ಬರ್ನರ್ ಬೇರೆ ಮಾರಿದಂಗೆ. ಅವರ ಹತ್ರ ಅದು ಉಳಿದಿತ್ತು, ನಮ್ಮ ತಲೆಗೆ ಕಟ್ಟಕ್ಕೆ ನೋಡಿದ್ರು. ನಾವು ಎದ್ದು ಬಂದ್ವಿ. ರೈಜೆನ್‌ನಾಗೆ 5600ಜಿ ಅನ್ನೋದರ ಕೊನೆಯ ಜಿ ಇದ್ರೆ ಗ್ರಾಫಿಕ್ ಒಳಗೇ ಐತೆ ಅಂತ ಅರ್ಥ. ಒಂದಕ್ಷರದಾಗೆ ಎಷ್ಟು ದುಡ್ಡು ನೋಡ್ರಿ.

ಇನ್ನೊಂದು ಅಂಗಡಿಯಾಗೆ "ಬಿಲ್ ಬ್ಯಾಡ ಅಂದ್ರೆ ಕಡಿಮೆ ಮಾಡ್ತೀನಿ" ಅಂದ್ರು. ಬಿಲ್ ಇಲ್ಲ ಅಂದ್ರೆ ವಾರಂಟಿ ಇಲ್ಲ. ನಾವು ಬಿಲ್ಲಿನಾಗೆ ಒಂದೊಂದು ಸಾಮಾನಿನ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲಾ ಬರೆಸಿದ್ವಿ. "ಅಸೆಂಬಲ್ಡ್ ಕಂಪ್ಯೂಟರ್ ಒಂದು" ಅಂತ ಒಂದೇ ಸಾಲಿನ ಬಿಲ್ ಕೊಡಕ್ಕೆ ಬರ್ತಾರೆ, ಒಪ್ಕೋಬ್ಯಾಡ್ರಿ. ಎಸ್ಎಂಪಿಎಸ್ ಬರೀ "450 ವ್ಯಾಟ್" ಅಂತಿದ್ರೆ ಸಾಲದು, ಯಾವ ಕಂಪನಿ ಅಂತ ಇರಬೇಕು, 80 ಪ್ಲಸ್ ಗುರುತು ಇದ್ರೆ ಒಳ್ಳೇದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋ ಎಸ್ಎಂಪಿಎಸ್ ಅಂದ್ರೆ ಬ್ಯಾಡ ಅಂದ್ಬಿಡ್ರಿ. ದುಡ್ಡು ಉಳಿಸೋದಾದ್ರೆ ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್‌ನಾಗೆ ಉಳಿಸ್ರಿ. ನಮ್ಮ ಹುಡುಗಿಗೂ ಆ ಲೈಟಿನ ಆಸೆ ಇತ್ತು, "ಅದೇನ್ ಗಣಪತಿ ಪೆಂಡಾಲಾ?" ಅಂದೆ, ಬಿಟ್ಲು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಂದ್ರೆ ಅಗ್ಗ ಅಂತ ಬಹಳ ಮಂದಿ ಹೇಳಿದ್ರು. ಒಂದೆರಡು ಸಾವಿರ ಕಡಿಮೆ ಆದ್ರೂ ಆಗಬಹುದು. ಓಡಾಟದ ಖರ್ಚು, ಕೆಟ್ರೆ ಮತ್ತೆ ಅಲ್ಲಿಗೇ ಒಯ್ಯೋದು, ಇವನ್ನೂ ಲೆಕ್ಕ ಹಾಕ್ರಿ. ನಾವು ದಾವಣಗೆರೆಯಾಗೇ ತಗೊಂಡ್ವಿ. ನಾಳೆ ಜಗಳ ಆಡಬೇಕಂದ್ರೂ ಬಸ್ಸಿನಾಗೆ ಅರ್ಧ ಗಂಟೆಗೆ ಹೋಗಿ ಆಡಿ ಬರಬಹುದು.

ಅಂಗಡಿಯೋರು ಐನೂರು ಕೊಟ್ರೆ ಜೋಡಿಸಿ ಕೊಡ್ತೀವಿ ಅಂದ್ರು. ಜೋಡಿಸೋದು ಮನೆಯಾಗೆ ಬರಲ್ಲ ಅನ್ನೋರಿಗೆ ಇದು ಒಳ್ಳೇ ನಡುದಾರಿ, ಆದ್ರೆ ಮಗೂನ ಪಕ್ಕದಾಗೆ ನಿಲ್ಲಿಸಿ ಜೋಡಿಸ್ರಿ ಅಂತ ಕೇಳ್ರಿ. ಒಳ್ಳೇ ಅಂಗಡಿಯೋನು ಇಲ್ಲ ಅನ್ನಲ್ಲ. ನಮ್ಮ ಹುಡುಗಿ ಮಾತ್ರ ಒಪ್ಪಲಿಲ್ಲ. ಒಂದು ಭಾನುವಾರ ಹರಿಹರದ ಮನೆ ಪಡಸಾಲೆಯಾಗೆ ಹಾಸಿಗೆ ಜಮಖಾನ ಎಲ್ಲಾ ಎತ್ತಿಸಿ ಮೇಜಿನ ಮ್ಯಾಲೆ ಹರಡಿದ್ಲು. ನನಗೂ ತಂಗಿಗೂ "ಸಿಂಥೆಟಿಕ್ ಸೀರೆ ಉಟ್ಕೊಂಡು ಹತ್ರ ಬರಬ್ಯಾಡ್ರಿ" ಅಂತ ಆರ್ಡರು. ಅಂಥ ಬಟ್ಟೆಯಿಂದ ಮೈಯಾಗೆ ಸಣ್ಣ ಕರೆಂಟ್ ಕೂರ್ತೈತಂತೆ, ಚಿಪ್ಪಿಗೆ ತಾಗಿದ್ರೆ ಹಾಳು. ಹಂಗಾಗಿ ಸಾಮಾನು ಮುಟ್ಟೋ ಮುಂಚೆ ಕಬ್ಬಿಣ ಮುಟ್ಟಿ ಕೈ ಖಾಲಿ ಮಾಡ್ಕೊಳ್ತಿದ್ಲು. ಪ್ರೊಸೆಸರ್ ಮೂಲೆಯಾಗೆ ಒಂದು ಸಣ್ಣ ಬಂಗಾರದ ತ್ರಿಕೋನ ಇರ್ತೈತೆ, ಬೋರ್ಡಿನ ಗುರುತಿಗೆ ಅದನ್ನ ಸರಿಹೊಂದಿಸಿ ಬಿಟ್ರೆ ತಾನೇ ಕೂರ್ತೈತೆ, ಒತ್ತಬಾರ್ದು. ಕೆಳಗೆ ಸೂಜಿಮೊನೆ ಅಂಥ ಪಿನ್ನು ಸಾವಿರಕ್ಕೂ ಹೆಚ್ಚು, ಒಂದು ಬಾಗಿದ್ರೂ ಕಷ್ಟ. ಅದರ ಮ್ಯಾಲೆ ಫ್ಯಾನು, ಆಮೇಲೆ ರ‍್ಯಾಮು, ಆಮೇಲೆ ಎಸ್ಎಸ್‌ಡಿ. ಎರಡೂವರೆ ತಾಸು ಹಿಡೀತು.

ಬಟನ್ ಒತ್ತಿದ್ಲು. ಫ್ಯಾನ್ ತಿರುಗ್ತು, ಪರದೆ ಮಾತ್ರ ಕಪ್ಪು. ಅವರಪ್ಪ ಕುರ್ಚಿಯಿಂದ ಎದ್ದು "ಹೇಳಿರ್ಲಿಲ್ವಾ ನಾನು" ಅಂದ್ರು. ತಂಗಿ ಮುಖ ನೋಡಕ್ಕಾಗ್ಲಿಲ್ಲ, ಸಂಘದ ಕಂತು ಇನ್ನೂ ಹದಿನೆಂಟು ತಿಂಗಳು ಕಟ್ಟೋದೈತೆ. ಹುಡುಗಿ ಒಂದು ಮಾತೂ ಆಡ್ಲಿಲ್ಲ. ಪ್ಲಗ್ ತೆಗೆದ್ಲು, ರ‍್ಯಾಮ್ ಪಟ್ಟಿ ಹೊರಗೆ ತೆಗೆದು ಮತ್ತೆ ಹಾಕಿ, ಹೆಬ್ಬೆಟ್ಟಿನಿಂದ ಟಕ್ ಅನ್ನೋವರ್ಗೂ ಒತ್ತಿದ್ಲು. ಮೊದಲ ಸಲ ಒಂದು ತುದಿ ಪೂರ್ತಿ ಕೂತಿರ್ಲಿಲ್ಲ, ಅಷ್ಟೇ. ಮತ್ತೆ ಬಟನ್ ಒತ್ತಿದ್ರೆ ಪರದೆ ಮ್ಯಾಲೆ ಅಕ್ಷರ ಬಂತು. ಇದೇ ಕಪ್ಪು ಪರದೆ ಅಂಗಡಿಗೆ ಒಯ್ದಿದ್ರೆ "ಬಿಟ್ಟು ಹೋಗ್ರಿ, ನೋಡ್ತೀವಿ" ಅಂತ ಎರಡು ದಿನ, ಮುನ್ನೂರೋ ಐನೂರೋ ರೂಪಾಯಿ. ಜೋಡಿಸಿ ಕಲಿತೋರಿಗೆ ಸಿಗೋ ಲಾಭ ಅಂದ್ರೆ ನಾನು ಹೇಳೋದು ಇದನ್ನೇ. ಈಗ ಅವಳ ಗೆಳತೇರ ಮನೆ ಕಂಪ್ಯೂಟರ್ ಕೆಟ್ರೂ ಇವಳನ್ನೇ ಕರೀತಾರೆ. ಅವರಪ್ಪ ಯಾರಾದ್ರೂ ಮನೆಗೆ ಬಂದ್ರೆ ಮೊದಲು ಆ ಪೆಟ್ಟಿಗೆ ತೋರಿಸಿ "ನಮ್ಮ ಹುಡುಗಿ ಮಾಡಿದ್ದು" ಅಂತಾರೆ. ನಾವು ಕೇಳಿಸ್ಕೊಂಡು ಸುಮ್ನಿರ್ತೀವಿ.

ನಲವತ್ತೈದು ಸಾವಿರ ಎಲ್ಲಿಂದ ತರೋದು ಅನ್ನೋರು ಬಹಳ ಮಂದಿ ಇದ್ದೀರಿ, ಗೊತ್ತು. ಅಂಥೋರಿಗೆ ಮೂರನೇ ದಾರಿ ಐತೆ. ದೊಡ್ಡ ಆಫೀಸುಗಳು ಮೂರ್ನಾಲ್ಕು ವರ್ಷ ವಾಪರಿಸಿ ಬಿಟ್ಟ ಕಂಪ್ಯೂಟರ್‌ಗಳನ್ನ ಸ್ವಚ್ಛ ಮಾಡಿ ಮಾರ್ತಾರೆ, ರೀಫರ್ಬಿಷ್ಡ್ ಅಂತಾರೆ. ಗಟ್ಟಿ ಮಾಲು, ಹೊಸದರ ಅರ್ಧಕ್ಕಿಂತ ಕಡಿಮೆಗೂ ಸಿಗ್ತಾವೆ. ಬಿ.ಕಾಂ. ಮಗೂಗೆ, ಮನೆ ಲೆಕ್ಕಕ್ಕೆ ಸಾಕು. ಆದ್ರೆ ಇಲ್ಲಿ ಒಂದು ತಾರೀಖು ನೆನಪಿಡ್ರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತೈತೆ. ವಿಂಡೋಸ್ 11 ಅಧಿಕೃತವಾಗಿ ನಡೆಯೋದು ಇಂಟೆಲ್ ಆದ್ರೆ ಎಂಟನೇ ಜನರೇಷನ್ನು, ಅದರ ಮ್ಯಾಲಿನದಕ್ಕೆ. ಅಂಗಡಿಯೋನು "ಐ-ಫೈವ್ ಐತೆ, ಐ-ಫೈವ್" ಅಂತ ಕೂಗ್ತಾನೆ, ಯಾವ ಜನರೇಷನ್ ಅಂತ ಹೇಳಲ್ಲ. ನಾಲ್ಕನೇದೋ ಆರನೇದೋ ಇರ್ತೈತೆ. ಎಂಟು ಅಥವಾ ಅದಕ್ಕಿಂತ ಮ್ಯಾಲಿದ್ರೆ ಮಾತ್ರ ಮುಂದಿನ ಮಾತು. ಹೊಸ ಡಬ್ಬದಾಗೂ ಬರೀ ಅಗ್ಗ ಅಂತ ಸೆಲೆರಾನ್, 4 ಜಿಬಿ ರ‍್ಯಾಮ್ ಇರೋದು ತಗೋಬ್ಯಾಡ್ರಿ. ಅದಕ್ಕಿಂತ ಒಳ್ಳೇ ಹಳೇದು ಮೇಲು.

ಯಾವುದೇ ತಗೊಳ್ರಿ, ಯುಪಿಎಸ್ ಬಿಡಬ್ಯಾಡ್ರಿ. ನಮ್ಮ ಕಡೆ ಬೇಸಿಗೆಯಾಗೆ ಕರೆಂಟ್ ಕಣ್ಣುಮುಚ್ಚಾಲೆ ಆಡೋದು ಎಲ್ಲರಿಗೂ ಗೊತ್ತು. ಮೂರು ಕಡ್ಡಿ ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಐತಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸ್ರಿ, ಹಳೇ ಮನೆಗಳಾಗೆ ಎಷ್ಟೋ ಕಡೆ ಮೂರನೇ ತೂತು ಬರೀ ತೋರಿಕೆಗೆ. ಪೆಟ್ಟಿಗೇನ ನೆಲದ ಮ್ಯಾಲೆ ಇಡಬ್ಯಾಡ್ರಿ, ಕಸ ಹೊಡೆದ ಧೂಳೆಲ್ಲಾ ಒಳಗೆ ಹೋಗಿ ಫ್ಯಾನಿಗೆ ಹತ್ತಿ ಅರಳೆ ಸುತ್ತಿದಂಗೆ ಸುತ್ತ್ಕೊಳ್ತೈತೆ. ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒಣ ಬ್ರಷ್ಷಿನಾಗೆ ಒರೆಸಿದ್ರೆ ಸಾಕು, ಒದ್ದೆ ಬಟ್ಟೆ ಮುಟ್ಟಿಸಬ್ಯಾಡ್ರಿ. ಸಾಮಾನಿನ ಖಾಲಿ ಡಬ್ಬಗಳನ್ನ ವಾರಂಟಿ ಮುಗಿಯೋವರ್ಗೂ ಅಟ್ಟದ ಮ್ಯಾಲೆ ಇಡ್ರಿ, ರದ್ದಿಯೋನಿಗೆ ಹಾಕಬ್ಯಾಡ್ರಿ.

ಹುಡುಗಿ ತಗೊಂಡ ಮದರ್‌ಬೋರ್ಡಿನಾಗೆ ರ‍್ಯಾಮಿಗೆ ಎರಡು ಸಂದಿ ಅದಾವೆ. ಒಂದರಾಗೆ 8 ಜಿಬಿ ಕೂತೈತೆ, ಇನ್ನೊಂದು ಬೇಕಂತಲೇ ಖಾಲಿ ಬಿಟ್ಟೀವಿ. ಜೊತೆಗೊಂದು ಹಾಕಿದ್ರೆ ಇನ್ನೂ ಚುರುಕಾಗ್ತೈತೆ ಅಂತ ಅವಳು ದಿನಾ ಹೇಳ್ತಾಳೆ, ಈ ರೇಟಿಗೆ ಹಾಕಿಸಲ್ಲ ಅಂತ ನನ್ನ ತಂಗಿ ದಿನಾ ಹೇಳ್ತಾಳೆ. ಉಳಿದ 2,350 ರೂಪಾಯಿ ಅಕ್ಕಿ ಡಬ್ಬದ ಹಿಂದೆ ಅದಕ್ಕೇ ಅಂತ ಎತ್ತಿಟ್ಟಾಳೆ. ರ‍್ಯಾಮ್ ರೇಟು ಇಳೀತು ಅಂತ ನಿಮ್ಮ ಮಕ್ಕಳು ಎಲ್ಲಾದ್ರೂ ನೋಡಿದ್ರೆ ನನಗೊಂದು ಫೋನ್ ಮಾಡ್ರಿ, ಅವಳಿಗೆ ಹೇಳಿ ಕಳಿಸ್ತೀನಿ.